ಮಳೆಗಾಲದ ಜ್ವರ, ಬೇಸಿಗೆಯ ಹೆರಿಗೆ



ವೈದ್ಯಕೀಯದ ಒಂದು ವಿಷಯವನ್ನು ಊರಿನ ಜನಕ್ಕೆ ಊರಿನ ಮಾತಿನಲ್ಲೇ ಹೇಳಬೇಕೆಂಬುದು ಈ ಉಪನ್ಯಾಸದ ದತ್ತಿ ಇಟ್ಟವರ ಆಸೆ. ಹಾಗಾಗಿ ಉಗಾಂಡಾದ ಕಾಡಿನಲ್ಲಿ ಮೊದಲು ಸಿಕ್ಕ ಒಂದು ವೈರಸ್ಸಿನ ಕತೆಯನ್ನು ಶಿವಮೊಗ್ಗದಿಂದಲೇ ಶುರು ಮಾಡುತ್ತೇನೆ.

2024ರ ಜುಲೈನಲ್ಲಿ ನಮ್ಮೂರಿನ ಹೆಸರು ರಾಜ್ಯದ ಪತ್ರಿಕೆಗಳಲ್ಲೆಲ್ಲ ಬಂತು. ಎಪ್ಪತ್ತು ದಾಟಿದ ಹಿರಿಯರೊಬ್ಬರು ತೀರಿಕೊಂಡಿದ್ದರು, ಅವರಿಗೆ ಝೀಕಾ ಸೋಂಕು ತಗುಲಿತ್ತು, ಕರ್ನಾಟಕದಲ್ಲಿ ಈ ವೈರಸ್ಸಿನ ಹೆಸರಿಗೆ ಸೇರಿದ ಮೊದಲ ಸಾವು ಅದು. ಊರಲ್ಲಿ ಆತಂಕ ಹುಟ್ಟಿದ್ದು ಸಹಜ. ಆದರೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಇನ್ನೆಷ್ಟು ಜನ ಸಾಯುತ್ತಾರೆ? ನನ್ನ ಮಟ್ಟಿಗೆ ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು. ಅವರಿಗೆ ಸೋಂಕು ತಗುಲಿದ ಆ ಜೂನ್ ತಿಂಗಳಲ್ಲಿ ನಗರದ ಯಾವ ಯಾವ ಮನೆಯಲ್ಲಿ ಎರಡು ತಿಂಗಳ ಬಸುರಿಯರಿದ್ದರು? ಅವರಿಗೆಲ್ಲ ಹೆರಿಗೆಯಾಗುವುದು 2025ರ ಜನವರಿಯಲ್ಲಿ. ಆ ಹೊತ್ತಿಗೆ ಪತ್ರಿಕೆಗಳು ಝೀಕಾವನ್ನು ಮರೆತಿರುತ್ತವೆ, ಮಳೆ ನಿಂತಿರುತ್ತದೆ, ಫಾಗಿಂಗ್ ಯಂತ್ರ ನಗರಪಾಲಿಕೆಯ ಮೂಲೆ ಸೇರಿರುತ್ತದೆ.

ಈ ದಿನ ನಾನು ಹೇಳಬೇಕೆಂದಿರುವುದು ಇಷ್ಟೇ. ಈ ಕಾಯಿಲೆಯ ಪಂಚಾಂಗ ಒಂದು, ನಮ್ಮ ಎಚ್ಚರಿಕೆಯ ಪಂಚಾಂಗ ಇನ್ನೊಂದು. ಎರಡೂ ಕೂಡುವುದೇ ಇಲ್ಲ.

ಝೀಕಾ ಜನರನ್ನು ಕೊಲ್ಲುವುದು ಅಪರೂಪ. ಐದು ಜನಕ್ಕೆ ತಗುಲಿದರೆ ನಾಲ್ಕು ಜನಕ್ಕೆ ಗೊತ್ತೇ ಆಗುವುದಿಲ್ಲ. ಗೊತ್ತಾದವರಿಗೂ ಸಣ್ಣ ಜ್ವರ, ಮೈಮೇಲೆ ಕೆಂಪು ದದ್ದು, ಕಣ್ಣು ಕೆಂಪು, ಕೀಲುಗಳಲ್ಲಿ ನೋವು. ವಾರದೊಳಗೆ ಎಲ್ಲ ಸರಿಹೋಗುತ್ತದೆ. ಡೆಂಗಿಯ ಹಾಗೆ ಪ್ಲೇಟ್‌ಲೆಟ್ ಕುಸಿದು ಗಾಬರಿ ಹುಟ್ಟಿಸುವುದಿಲ್ಲ, ಚಿಕೂನ್‌ಗುನ್ಯಾದ ಹಾಗೆ ತಿಂಗಳುಗಟ್ಟಲೆ ಕುಂಟಿಸುವುದಿಲ್ಲ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ವೈರಾಣು ತಜ್ಞರೇ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಇದು ಸಿಕ್ಕಿದ್ದೂ ಬೇರೇನನ್ನೋ ಹುಡುಕುವಾಗ. 1947ರಲ್ಲಿ ಉಗಾಂಡಾದ ಎಂಟೆಬ್ಬೆ ಹತ್ತಿರದ ಝೀಕಾ ಎಂಬ ಕಾಡಿನಲ್ಲಿ ವಿಜ್ಞಾನಿಗಳು ಹಳದಿ ಜ್ವರದ ಜಾಡು ಹಿಡಿಯಲು ಮರದ ಮೇಲೆ ಪಂಜರಗಳಲ್ಲಿ ರೀಸಸ್ ಕೋತಿಗಳನ್ನು ಇಟ್ಟಿದ್ದರು. 766ನೇ ಸಂಖ್ಯೆಯ ಕೋತಿಗೆ ಜ್ವರ ಬಂತು. ಅದರ ರಕ್ತದಲ್ಲಿ ಸಿಕ್ಕಿದ್ದು ಹಳದಿ ಜ್ವರದ ವೈರಸ್ ಆಗಿರದೆ ಅದೇ ಕುಲದ ಹೊಸದೊಂದು ವೈರಸ್ ಆಗಿತ್ತು. ಮರುವರ್ಷ ಅದೇ ಕಾಡಿನ ಸೊಳ್ಳೆಗಳಲ್ಲೂ ಅದು ಕಂಡಿತು. ರೀಸಸ್ ಆಫ್ರಿಕಾದ ಪ್ರಾಣಿಯಲ್ಲ, ನಮ್ಮ ಉತ್ತರ ಭಾರತದ ಕೋತಿ. ಅಂದರೆ ಈ ಕತೆಯೊಳಗೆ ಮೊದಲ ದಿನದಿಂದಲೂ ನಮ್ಮ ಕಡೆಯದೊಂದು ಪ್ರಾಣಿ ಇತ್ತು.

ಇಲ್ಲಿಂದ ದಾರಿ ಮಲೆನಾಡಿಗೆ ತಿರುಗುತ್ತದೆ. ಹಳದಿ ಜ್ವರ ಏಷ್ಯಾಕ್ಕೆ ಬಂದರೇನು ಗತಿ ಎಂಬ ಹೆದರಿಕೆ ಆ ಕಾಲದ ವಿಜ್ಞಾನಿಗಳಿಗೆ ಇತ್ತು. ಅದನ್ನು ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆ ನಮ್ಮ ಊರೂರಿನಲ್ಲೂ ಇರುವಾಗ ಹೆದರಿಕೆ ಸುಳ್ಳೂ ಅಲ್ಲ. 1952ರಲ್ಲಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ಶುರುವಾಯಿತು. ಆ ದಿನಗಳಲ್ಲಿ ಭಾರತೀಯರ ರಕ್ತದ ಮಾದರಿಗಳನ್ನು ಹಲವು ವೈರಸ್ಸುಗಳ ವಿರುದ್ಧ ಪರೀಕ್ಷೆ ಮಾಡಿದರು. 1954ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ 196 ಜನರಲ್ಲಿ 33 ಜನರಿಗೆ ಝೀಕಾ ವಿರುದ್ಧ ಪ್ರತಿಕಾಯಗಳಿದ್ದವು. ಡೆಂಗಿ ಬಂದುಹೋದವರ ರಕ್ತವೂ ಝೀಕಾ ಪರೀಕ್ಷೆಯಲ್ಲಿ ಹೀಗೆ ತೋರಿಸಬಹುದಾದ್ದರಿಂದ ಆ 33ನ್ನು ಪೂರಾ ನಂಬುವಂತಿಲ್ಲ. ಪೂರಾ ತಳ್ಳಿಹಾಕುವಂತೆಯೂ ಇಲ್ಲ.

1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ಅದೇ ಕೇಂದ್ರದಿಂದ ಟೆಲ್ಫರ್ಡ್ ವರ್ಕ್ ಮತ್ತು ಸಂಗಡಿಗರು ಬಂದರು. ಹಳದಿ ಜ್ವರ ಕೊನೆಗೂ ಬಂತೇನೋ ಎಂಬುದು ಅವರ ಮೊದಲ ಅನುಮಾನ, ಏಕೆಂದರೆ ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರ ಬಂದಾಗ ಕಾಡಿನ ಕೋತಿಗಳು ಹೀಗೆಯೇ ಸಾಯುತ್ತವೆ. ಕೊನೆಗೆ ಸಿಕ್ಕಿದ್ದು ಉಣುಗಿನಿಂದ ಹರಡುವ ಹೊಸ ವೈರಸ್. ಅದನ್ನೇ ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಝೀಕಾ, ಡೆಂಗಿ, ಹಳದಿ ಜ್ವರ, ಮಿದುಳು ಜ್ವರ, ಮಂಗನ ಕಾಯಿಲೆ ಎಲ್ಲವೂ ಫ್ಲೇವಿವೈರಸ್ ಎಂಬ ಒಂದೇ ಕುಲದವು. ಮಂಗನ ಕಾಯಿಲೆಯಲ್ಲೂ ಕೆಲವರಿಗೆ ಜ್ವರ ಬಿಟ್ಟ ಮೇಲೆ ಎರಡನೇ ಸುತ್ತಿನಲ್ಲಿ ಕುತ್ತಿಗೆ ಬಿಗಿತ, ನಡುಕ, ಗಲಿಬಿಲಿ ಬರುತ್ತದೆ. ನರಗಳಿಗೆ ಹಾನಿ ಮಾಡುವುದು ಈ ಕುಲಕ್ಕೆ ಹೊಸ ಗುಣವೇನಲ್ಲ.

ಆದರೆ ಒಂದು ವ್ಯತ್ಯಾಸವಿದೆ. ಕ್ಯಾಸನೂರಿನಲ್ಲಿ ಸತ್ತ ಮಂಗ ಸುದ್ದಿ ಕೊಟ್ಟಿತು. ಈಗಲೂ ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ಕಾಡಂಚಿನಲ್ಲಿ ಮಂಗ ಸತ್ತರೆ ಜನ ಆರೋಗ್ಯ ಕೇಂದ್ರಕ್ಕೆ ತಿಳಿಸುತ್ತಾರೆ. ಝೀಕಾಕ್ಕೆ ಅಂಥ ಸುದ್ದಿಗಾರನಿಲ್ಲ. ಅದು ಬಂದು ಹೋದದ್ದು ಆರೇಳು ತಿಂಗಳ ನಂತರ ಹೆರಿಗೆ ಕೋಣೆಯಲ್ಲಿ ತಿಳಿಯುತ್ತದೆ, ಅದೂ ಯಾರಾದರೂ ನೋಡಿದರೆ.

ಬ್ರೆಜಿಲ್‌ನಲ್ಲಿ ಆದದ್ದು ಇದೇ. 2015ರ ಏಪ್ರಿಲ್ ಕೊನೆಗೆ ಬಹಿಯಾ ರಾಜ್ಯದ ಸಂಶೋಧಕರು ಅಲ್ಲಿ ಹರಡುತ್ತಿದ್ದ ದದ್ದಿನ ಜ್ವರ ಝೀಕಾ ಎಂದು ಗುರುತಿಸಿದರು. ಸೌಮ್ಯ ಕಾಯಿಲೆ ಎಂದು ಎಲ್ಲರೂ ಸುಮ್ಮನಾದರು. ಆಗಸ್ಟ್ ಕಳೆಯುವ ಹೊತ್ತಿಗೆ ರೆಸಿಫೆ ನಗರದ ಮಕ್ಕಳ ನರವೈದ್ಯೆ ವನೆಸ್ಸಾ ವ್ಯಾನ್ ಡರ್ ಲಿಂಡೆನ್ ಅವರ ಬಳಿ ವಿಪರೀತ ಚಿಕ್ಕ ತಲೆಯ ಕೂಸುಗಳು ಒಂದರ ಹಿಂದೊಂದು ಬರತೊಡಗಿದವು. ಅವರ ತಾಯಿಯೂ ಮಕ್ಕಳ ನರವೈದ್ಯೆ. ತಾಯಿ ಮಗಳು ಮಾತಾಡಿಕೊಂಡಾಗ ಇಬ್ಬರ ಆಸ್ಪತ್ರೆಗಳಲ್ಲೂ ಅದೇ ಕತೆ. ಕೂಸುಗಳ ತಾಯಂದಿರನ್ನು ಕೇಳಿದರೆ ಬಸುರಿನ ಮೊದಲ ತಿಂಗಳುಗಳಲ್ಲಿ ಮೈಮೇಲೆ ದದ್ದು ಬಂದಿತ್ತು ಎಂದರು. ನವೆಂಬರ್ 11ರಂದು ಬ್ರೆಜಿಲ್ ಸರ್ಕಾರ ಆರೋಗ್ಯ ತುರ್ತು ಪರಿಸ್ಥಿತಿ ಸಾರಿತು. ಅದೇ ತಿಂಗಳು, ಕಂಪಿನಾ ಗ್ರಾಂಡೆಯ ಪ್ರಸೂತಿ ತಜ್ಞೆ ಅದ್ರಿಯಾನಾ ಮೆಲೊ ಇಬ್ಬರು ಗರ್ಭಿಣಿಯರಿಂದ ತೆಗೆದು ಕಳಿಸಿದ್ದ ಗರ್ಭಜಲದಲ್ಲಿ ಝೀಕಾ ಸಿಕ್ಕಿತು. 2016ರ ಫೆಬ್ರವರಿ 1ರಂದು ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿಗೇ ತುರ್ತು ಪರಿಸ್ಥಿತಿ ಎಂದಿತು. ಅಷ್ಟರಲ್ಲಿ ಮೊದಲ ಸುತ್ತಿನ ಹಾನಿ ಮುಗಿದಿತ್ತು. ಒಟ್ಟು ಮೂರು ಸಾವಿರಕ್ಕೂ ಹೆಚ್ಚು ಮಕ್ಕಳು ಆ ದೇಶದಲ್ಲಿ ಹೀಗೆ ಹುಟ್ಟಿದರು.

ಅದಕ್ಕಿಂತ ನನ್ನನ್ನು ಕಾಡುವುದು ಫ್ರೆಂಚ್ ಪಾಲಿನೇಷ್ಯಾದ ಸಂಗತಿ. ಆ ದ್ವೀಪಗಳಲ್ಲಿ ಝೀಕಾ ಹಬ್ಬಿದ್ದು 2013-14ರಲ್ಲಿ, ಅಂದರೆ ಬ್ರೆಜಿಲ್‌ಗಿಂತ ಮುಂಚೆ. ಗರ್ಭದ ಮಕ್ಕಳ ಮಾತು ಆಗ ಯಾರ ಬಾಯಲ್ಲೂ ಬರಲಿಲ್ಲ. ಬ್ರೆಜಿಲ್‌ನ ಸುದ್ದಿ ಕೇಳಿದ ಮೇಲೆ ಹಳೆಯ ಕಡತಗಳನ್ನು ತೆಗೆದು ನೋಡಿದರು. ಚಿಕ್ಕ ತಲೆಯ 8 ಪ್ರಕರಣಗಳಿದ್ದವು, ಬಹುಪಾಲು ಕೆಲವೇ ತಿಂಗಳುಗಳ ಅವಧಿಯಲ್ಲಿ ಗುಂಪಾಗಿ. ಎಲ್ಲ ದಾಖಲೆಯೂ ಆಸ್ಪತ್ರೆಯಲ್ಲೇ ಇತ್ತು.

ಈಗ ಗರ್ಭದೊಳಗೆ ಏನಾಗುತ್ತದೆ ನೋಡೋಣ. ತಾಯಿಗೂ ಮಗುವಿಗೂ ನಡುವೆ ಮಾಸು ಇದೆ. ಅದು ಬಹಳಷ್ಟು ರೋಗಾಣುಗಳನ್ನು ತಡೆಯುತ್ತದೆ. ಝೀಕಾ ಮಾತ್ರ ಅಲ್ಲಿ ಕಾವಲಿಗಿರುವ ಹಾಫ್‌ಬಾವರ್ ಕೋಶಗಳೊಳಗೇ ಸೇರಿಕೊಂಡು, ಅವುಗಳನ್ನು ಕೊಲ್ಲದೆ, ಅಲ್ಲೇ ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. ಅಲ್ಲಿಂದ ಮಗುವಿನ ರಕ್ತಕ್ಕೆ, ರಕ್ತದಿಂದ ಮಿದುಳಿಗೆ. ಆ ಹೊತ್ತಿಗೆ ಮಿದುಳೆಂದರೆ ತೆಳುವಾದೊಂದು ಗೋಡೆ. ಆ ಗೋಡೆಯ ಒಳಬದಿಯಲ್ಲಿ ಮೂಲಕೋಶಗಳು ಒಂದೇ ಸಮನೆ ಒಡೆದು ಎರಡಾಗುತ್ತ ಮುಂದೆ ಬೇಕಾಗುವ ಕೋಟ್ಯಂತರ ನರಕೋಶಗಳನ್ನು ಹುಟ್ಟಿಸುತ್ತಿರುತ್ತವೆ. ಝೀಕಾ ಹುಡುಕಿಕೊಂಡು ಹೋಗುವುದು ಈ ಮೂಲಕೋಶಗಳನ್ನೇ. ಅವುಗಳ ವಿಭಜನೆ ನಿಲ್ಲುತ್ತದೆ, ಹಲವು ಸಾಯುತ್ತವೆ. ಬೆಳೆದು ನಿಂತ ಗದ್ದೆಗೆ ರೋಗ ಬಂದರೆ ಒಂದಷ್ಟು ಇಳುವರಿಯಾದರೂ ಉಳಿದೀತು, ಸಸಿಮಡಿಯನ್ನೇ ಹುಳು ತಿಂದರೆ ನಾಟಿ ಮಾಡಲು ಏನೂ ಇರುವುದಿಲ್ಲ. ದೊಡ್ಡವರಿಗೆ ಸಣ್ಣ ಜ್ವರ ತರುವ ವೈರಸ್ಸೇ ಭ್ರೂಣಕ್ಕೆ ಇಷ್ಟು ಕ್ರೂರವಾಗುವುದು ಇದಕ್ಕೇ.

ಮಿದುಳು ಕುಗ್ಗಿದಾಗ ಒಳಗಿನಿಂದ ಒತ್ತಿ ಹಿಡಿಯುವುದು ಏನೂ ಇಲ್ಲದೆ ತಲೆಬುರುಡೆಯ ಮೂಳೆಗಳು ಒಂದರ ಮೇಲೊಂದು ಕುಸಿಯುತ್ತವೆ. ನೆತ್ತಿಯ ಚರ್ಮ ಮಾತ್ರ ಮೊದಲಿನ ಅಳತೆಗೇ ಬೆಳೆದಿರುತ್ತದೆ, ಹಾಗಾಗಿ ಅದು ಮಡಿಕೆ ಮಡಿಕೆಯಾಗಿ ಬೀಳುತ್ತದೆ. ಸ್ಕ್ಯಾನ್ ಮಾಡಿದರೆ ಮಿದುಳಿನ ಹೊರಪದರದ ಕೆಳಗೆ ಸುಣ್ಣದ ಚುಕ್ಕೆಗಳು. ಕಣ್ಣಿನ ಹಿಂಪರದೆಯಲ್ಲಿ ಕಲೆ. ಗರ್ಭದಲ್ಲಿ ಕೈಕಾಲು ಆಡಿಸಲು ನರಗಳಿಂದ ಆಜ್ಞೆ ಬಾರದ ಕಾರಣ ಕೀಲುಗಳು ಹುಟ್ಟುವಾಗಲೇ ಬಿಗಿದುಕೊಂಡಿರುತ್ತವೆ. ಮುಂದೆ ಅಪಸ್ಮಾರ, ಹಾಲು ನುಂಗಲಾರದ ಕಷ್ಟ, ತಡೆಯಿಲ್ಲದ ಅಳು. ಬ್ರೆಜಿಲ್‌ನಲ್ಲಿ ಇಂಥ ಮಕ್ಕಳು ಮೂರು ವರ್ಷದೊಳಗೆ ತೀರಿಕೊಳ್ಳುವ ಸಂಭವ ಇತರ ಮಕ್ಕಳಿಗಿಂತ 11 ಪಟ್ಟು ಹೆಚ್ಚೆಂದು 2022ರ ಅಧ್ಯಯನ ತೋರಿಸಿತು.

ಇಷ್ಟು ಕೇಳಿ ಸಭೆಯಲ್ಲಿರುವ ಬಸುರಿಯರು ಕಂಗೆಡಬಾರದು. ಸೋಂಕಾದ ಎಲ್ಲ ತಾಯಂದಿರಿಗೂ ಹೀಗಾಗುವುದಿಲ್ಲ. ಗರ್ಭಿಣಿಯರಿಗೆ ಝೀಕಾ ತಗುಲಿದರೂ ಹಾನಿ ಕಾಣುವುದು ನೂರರಲ್ಲಿ 5ರಿಂದ 15 ಮಕ್ಕಳಲ್ಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮೊದಲ ಮೂರು ತಿಂಗಳಲ್ಲಿ ಅಪಾಯ ಹೆಚ್ಚು, ಆಮೇಲೆ ಕಡಿಮೆ, ಕೊನೆಯವರೆಗೂ ಪೂರಾ ಇಲ್ಲವಾಗುವುದಿಲ್ಲ. ಇದಕ್ಕೆ ಲಸಿಕೆ ಇಲ್ಲ, ಔಷಧವೂ ಇಲ್ಲ.

ಚಿಕೂನ್‌ಗುನ್ಯಾದ ಪಂಚಾಂಗ ಇದಕ್ಕೆ ತಿರುಗಾಮುರುಗ. ಅದು ಮಗುವಿಗೆ ಅಂಟುವುದು ಹೆರಿಗೆಯ ಹೊತ್ತಿನಲ್ಲಿ ತಾಯಿಗೆ ಜ್ವರವಿದ್ದರೆ. 2005-06ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಅಂಥ ತಾಯಂದಿರ ಸುಮಾರು ಅರ್ಧದಷ್ಟು ಕೂಸುಗಳಿಗೆ ಸೋಂಕಾಯಿತು, ಕೆಲವಕ್ಕೆ ಮಿದುಳೂ ಊದಿತು. 2006ರಲ್ಲಿ ನಮ್ಮ ರಾಜ್ಯದಲ್ಲೇ 7 ಲಕ್ಷಕ್ಕೂ ಹೆಚ್ಚು ಶಂಕಿತ ಚಿಕೂನ್‌ಗುನ್ಯಾ ಪ್ರಕರಣಗಳಿದ್ದವು ಎಂಬುದನ್ನು ಇದರ ಜೊತೆಗಿಟ್ಟು ಯೋಚಿಸಿ.

ದೊಡ್ಡವರ ನರಮಂಡಲಕ್ಕೂ ಝೀಕಾ ತೊಂದರೆ ಕೊಡುತ್ತದೆ, ದಾರಿ ಮಾತ್ರ ಬೇರೆ. ಗಿಲ್ಲನ್-ಬಾರಿ ಸಿಂಡ್ರೋಮ್ ಎಂಬ ಹೆಸರನ್ನು 2025ರ ಜನವರಿಯಲ್ಲಿ ಪುಣೆಯ ಸುದ್ದಿಗಳಲ್ಲಿ ಕೇಳಿದ್ದೀರಿ. ಅಲ್ಲಿ ಕಾರಣವಾದದ್ದು ನೀರಿನಿಂದ ಬಂದ ಬ್ಯಾಕ್ಟೀರಿಯಾ. ಸೋಂಕಿನ ವಿರುದ್ಧ ಎದ್ದ ನಮ್ಮದೇ ರಕ್ಷಣಾ ವ್ಯವಸ್ಥೆ ಶತ್ರು ಯಾರೆಂದು ತಪ್ಪು ತಿಳಿದು ನರಗಳ ಮೇಲೆ ಬೀಳುತ್ತದೆ. ಪಾದದಲ್ಲಿ ಜುಮುಜುಮು ಶುರುವಾಗಿ ಬಲ ಕುಂದುತ್ತ ಮೇಲೇರುತ್ತದೆ, ಉಸಿರಾಟದ ಸ್ನಾಯುಗಳನ್ನು ಮುಟ್ಟಿದರೆ ವೆಂಟಿಲೇಟರ್ ಬೇಕು. ಫ್ರೆಂಚ್ ಪಾಲಿನೇಷ್ಯಾದಲ್ಲಿ ಝೀಕಾ ಹಬ್ಬಿದಾಗ 42 ಜನಕ್ಕೆ ಹೀಗಾಯಿತು. ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ. ಜ್ವರ ಬಿಟ್ಟ ವಾರದಲ್ಲಿ ಮೆಟ್ಟಿಲು ಹತ್ತಲು ಆಗುತ್ತಿಲ್ಲ ಎಂದು ಯಾರಾದರೂ ಹೇಳಿದರೆ ಅದನ್ನು ಜ್ವರದ ಸುಸ್ತು ಎಂದುಕೊಳ್ಳದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನು ನಮ್ಮ ರಾಜ್ಯ. 2022ರ ಡಿಸೆಂಬರ್‌ನಲ್ಲಿ ರಾಯಚೂರು ಜಿಲ್ಲೆ ಮಾನ್ವಿ ತಾಲ್ಲೂಕಿನ ಐದು ವರ್ಷದ ಹುಡುಗಿಯಲ್ಲಿ ಕರ್ನಾಟಕದ ಮೊದಲ ಝೀಕಾ ಪತ್ತೆಯಾಯಿತು. 2024ರ ಆಗಸ್ಟ್‌ನಲ್ಲಿ, ನಮ್ಮೂರಿನ ಪ್ರಕರಣದ ಹಿಂದೆಯೇ, ಬೆಂಗಳೂರಿನ ಜಿಗಣಿಯಲ್ಲಿ ಕೆಲವರಿಗೆ ಸೋಂಕಾಯಿತು. ನಡುವೆ 2023ರಲ್ಲಿ ನಡೆದ ತಲಕಾಯಲಬೆಟ್ಟದ ಪ್ರಸಂಗವನ್ನು ಸ್ವಲ್ಪ ನಿಂತು ನೋಡಬೇಕು. ಶಿಡ್ಲಘಟ್ಟ ತಾಲ್ಲೂಕಿನ ಆ ಊರಲ್ಲಿ ಆಗಸ್ಟ್‌ನಲ್ಲಿ ಹಿಡಿದ ಸೊಳ್ಳೆಗಳಲ್ಲಿ ಝೀಕಾ ಇದೆ ಎಂಬ ಫಲಿತಾಂಶ ಬಂದದ್ದು ಅಕ್ಟೋಬರ್ ಕೊನೆಗೆ. ಆರೋಗ್ಯ ಇಲಾಖೆ ಕೂಡಲೇ ಸುತ್ತಲ ಹಳ್ಳಿಗಳ ಗರ್ಭಿಣಿಯರ ರಕ್ತ ತೆಗೆದು ಪರೀಕ್ಷೆಗೆ ಕಳಿಸಿತು. ಯಾರನ್ನು ನೋಡಬೇಕು ಎಂಬುದು ಅವರಿಗೆ ಸರಿಯಾಗಿ ಗೊತ್ತಿತ್ತು, ಮೆಚ್ಚಬೇಕು. ಆದರೆ ಆಗಸ್ಟ್ ಕೊನೆಗೆ ಎರಡು ತಿಂಗಳಾಗಿದ್ದವಳಿಗೆ ಅಕ್ಟೋಬರ್ ಕೊನೆಗೆ ನಾಲ್ಕು ತುಂಬಿರುತ್ತದೆ. ರಕ್ತದಲ್ಲಿ ಈ ವೈರಸ್ ಇರುವುದು ಸುಮಾರು ಒಂದು ವಾರ, ಮೂತ್ರದಲ್ಲಿ ಇನ್ನೂ ಒಂದು ವಾರ ಹೆಚ್ಚು.

2024ರ ಜುಲೈ 3ರಂದು ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಸಲಹಾಪತ್ರ ಕಳಿಸಿತು. ಗರ್ಭಿಣಿಯರನ್ನು ಪರೀಕ್ಷಿಸಿ, ಸೋಂಕಿದ್ದರೆ ಭ್ರೂಣದ ಬೆಳವಣಿಗೆಯ ಮೇಲೆ ಕಣ್ಣಿಡಿ ಎಂದಿತು. 2016ರಿಂದ ಈಚೆಗೆ ದೇಶದಲ್ಲಿ ಝೀಕಾದಿಂದಾದ ಮೈಕ್ರೋಸೆಫಲಿ, ಅಂದರೆ ಚಿಕ್ಕ ತಲೆ, ವರದಿಯಾಗಿಲ್ಲ ಎಂದೂ ಅದರಲ್ಲಿತ್ತು. ಸಮಾಧಾನದ ಮಾತು. ಭಾರತದ ತಳಿ ಬ್ರೆಜಿಲ್‌ನಷ್ಟು ಕೆಟ್ಟದ್ದಲ್ಲ ಎಂಬ ವಾದವೂ ಇದೆ, ರಾಜಸ್ಥಾನದಲ್ಲಿ 2018ರಲ್ಲಿ ಸಿಕ್ಕ ವೈರಸ್ಸಿನಲ್ಲಿ ಬ್ರೆಜಿಲ್ ತಳಿಯ ಒಂದು ಮುಖ್ಯ ಮಾರ್ಪಾಡು ಇರಲಿಲ್ಲ. ಆದರೆ 2016ರಲ್ಲೇ ಥಾಯ್ಲೆಂಡಿನಲ್ಲಿ ಎರಡು ಕೂಸುಗಳ ಚಿಕ್ಕ ತಲೆಗೆ ಝೀಕಾ ಕಾರಣವೆಂದು ಖಚಿತವಾಗಿದೆ. ಪಾಲಿನೇಷ್ಯಾದವರೂ ಕಡತ ತೆಗೆಯುವವರೆಗೆ ತಮ್ಮಲ್ಲಿ ಏನೂ ಇಲ್ಲವೆಂದೇ ತಿಳಿದಿದ್ದರು. ನಾವು ಮಳೆಗಾಲದಲ್ಲಿ ಜ್ವರವನ್ನು ಎಣಿಸುತ್ತೇವೆ. ಜನವರಿಯಿಂದ ಏಪ್ರಿಲ್‌ವರೆಗೆ ಹುಟ್ಟುವ ಕೂಸುಗಳ ತಲೆಯನ್ನು ಅಷ್ಟೇ ಶ್ರದ್ಧೆಯಿಂದ ಅಳೆದು, ಒಂದು ಕಡೆ ಕೂಡಿಸಿ ನೋಡುತ್ತಿದ್ದೇವೆಯೇ?

ಮನೆಯೊಳಗಿನ ಪಂಚಾಂಗವೂ ಹೀಗೇ ತಪ್ಪಿದೆ. ಮೂರು ತಿಂಗಳು ತುಂಬುವವರೆಗೆ ಬಸುರಿನ ಸುದ್ದಿಯನ್ನು ಹೊರಗೆ ಹೇಳಬಾರದು, ದೃಷ್ಟಿಯಾಗುತ್ತದೆ ಎನ್ನುತ್ತೇವೆ. ಆ ಮೂರು ತಿಂಗಳೇ ಈ ವೈರಸ್ಸಿಗೆ ಬೇಕಾದ ಕಾಲ. ಸುದ್ದಿ ಹೇಳದ ಕಾರಣ ಆಶಾ ಕಾರ್ಯಕರ್ತೆಗೂ ತಿಳಿಯುವುದಿಲ್ಲ, ತಾಯಿ ಕಾರ್ಡೂ ತಡವಾಗುತ್ತದೆ. ಏಳರಲ್ಲಿ ಸೀಮಂತ ಮಾಡಿ ತವರಿಗೆ ಕಳಿಸುತ್ತೇವೆ. ಬಾಣಂತಿ ಕೋಣೆಗೆ ಸೊಳ್ಳೆಪರದೆ ಕಟ್ಟುತ್ತೇವೆ, ರಾತ್ರಿ ಹೊತ್ತು. ಝೀಕಾ ಹರಡುವ ಈಡಿಸ್ ಕಚ್ಚುವುದು ಹಗಲಲ್ಲಿ, ಬೆಳಿಗ್ಗೆ ಪಾತ್ರೆ ತೊಳೆಯುವಾಗ, ಸಂಜೆ ಜಗುಲಿಯಲ್ಲಿ ಕೂತಾಗ. ಪರದೆ ಬೇಕಾಗಿದ್ದದ್ದು ಎಂಟು ತಿಂಗಳ ಹಿಂದೆ, ಮಧ್ಯಾಹ್ನದ ನಿದ್ದೆಗೆ. ತವರಿನ ಬಾಣಂತನ ಒಳ್ಳೆಯ ಪದ್ಧತಿ, ಅದನ್ನು ಬಿಡಿ ಎನ್ನುವುದಿಲ್ಲ. ಆದರೆ ಜಿಗಣಿಯ ಬಾಡಿಗೆ ಮನೆಯಲ್ಲಿ ದದ್ದು ಬಂದವಳಿಗೆ ಭದ್ರಾವತಿಯಲ್ಲಿ ಹೆರಿಗೆಯಾದರೆ ಆ ದದ್ದನ್ನೂ ಈ ಕೂಸನ್ನೂ ಒಟ್ಟಿಗಿಟ್ಟು ನೋಡುವವರು ಯಾರು?

ಚಿಕ್ಕ ತಲೆಯ ಮಗು ಹುಟ್ಟಿದರೆ ಅತ್ತೆಮನೆಯಲ್ಲಿ ಮೊದಲು ಬರುವ ಮಾತು ಗ್ರಹಣದ್ದು. ಗ್ರಹಣದ ಹೊತ್ತಲ್ಲಿ ಹೊರಗೆ ಬಂದಿದ್ದಳಂತೆ, ಏನೋ ಕತ್ತರಿಸಿದ್ದಳಂತೆ. ಓದಿದವರಾದರೆ ಸೋದರಮಾವನ ಸಂಬಂಧ ಎನ್ನುತ್ತಾರೆ. ರಕ್ತಸಂಬಂಧದ ಮದುವೆಯಿಂದಲೂ ಚಿಕ್ಕ ತಲೆ ಬರಬಹುದು, ರುಬೆಲ್ಲಾದಿಂದ, ಸೈಟೊಮೆಗಲೊ ವೈರಸ್ಸಿನಿಂದ, ಟಾಕ್ಸೊಪ್ಲಾಸ್ಮಾದಿಂದಲೂ ಬರಬಹುದು. ಪರೀಕ್ಷೆ ಮಾಡದೆ ತಾಯಿಯ ಮೇಲೆ ಹೊರಿಸುವುದು ಮಾತ್ರ ಅನ್ಯಾಯ. ಅಂದ ಹಾಗೆ, ಝೀಕಾ ಗಂಡಸಿನ ವೀರ್ಯದಲ್ಲಿ ವಾರಗಟ್ಟಲೆ ಉಳಿದು ಹೆಂಡತಿಗೆ ದಾಟಬಲ್ಲದು. ಸೋಂಕಾದ ಗಂಡಸರು 3 ತಿಂಗಳು ಕಾಂಡೋಮ್ ಬಳಸಬೇಕು, ಹೆಂಡತಿ ಬಸುರಿಯಾಗಿದ್ದರೆ ಹೆರಿಗೆಯಾಗುವವರೆಗೂ. ದತ್ತಿ ಉಪನ್ಯಾಸದಲ್ಲಿ ಇದೇನು ಮಾತು ಎಂದು ಹಿರಿಯರು ಬೇಸರಿಸಬಾರದು.

ಸೊಳ್ಳೆಯ ಬಗ್ಗೆ ನಿಮಗೆ ಹೊಸದಾಗಿ ಹೇಳುವುದು ಕಡಿಮೆ. ಡ್ರಮ್ಮು, ಸಿಮೆಂಟ್ ತೊಟ್ಟಿ, ಮುಚ್ಚಳ ಸರಿಯಿಲ್ಲದ ಸಂಪು, ಭದ್ರಾವತಿಯ ಗುಜರಿ ಅಂಗಡಿಗಳ ಟೈರು, ಜನ ಬಿಟ್ಟುಹೋದ ಕ್ವಾರ್ಟರ್ಸಿನ ನೀರಿನ ತೊಟ್ಟಿ, ತೋಟದಲ್ಲಿ ಬಿದ್ದ ಅಡಿಕೆ ಹಾಳೆ. ಹಾಳೆಯಲ್ಲಿ ಹುಟ್ಟುವುದು ಹೆಚ್ಚಾಗಿ ಇನ್ನೊಂದು ಜಾತಿಯ ಈಡಿಸ್, ಅದೂ ಝೀಕಾ ಹರಡಬಲ್ಲದು. ನೀರು ಚೆಲ್ಲಿದರಷ್ಟೇ ಸಾಲದು. ಮೊಟ್ಟೆಗಳು ಒಳಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದು ಮತ್ತೆ ನೀರು ಬಿದ್ದಾಗ ಒಡೆಯುತ್ತವೆ, ಆದ್ದರಿಂದ ನಾರಿನಿಂದ ಗಟ್ಟಿಯಾಗಿ ಉಜ್ಜಬೇಕು, ವಾರಕ್ಕೊಮ್ಮೆ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಅಧಿಸೂಚಿಸಿ ಲಾರ್ವಾ ಸಿಕ್ಕ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಇಟ್ಟಿತು. ದಿನವೂ ನಲ್ಲಿ ನೀರು ಬಾರದ ಬೀದಿಯಲ್ಲಿ ಡ್ರಮ್ಮಿಗೆ ದಂಡ ಹಾಕುವುದು ನನಗೆ ಸರಿ ಕಾಣುವುದಿಲ್ಲ. ನೀರು ಹಿಡಿದಿಡುವ ಕಷ್ಟ ರೆಸಿಫೆಯ ಬಡ ಬೀದಿಗಳಿಗೂ ಇತ್ತು, ಚಿಕ್ಕ ತಲೆಯ ಕೂಸುಗಳು ಹೆಚ್ಚಾಗಿ ಹುಟ್ಟಿದ್ದೂ ಆ ಬೀದಿಗಳಲ್ಲೇ.

ಕೊನೆಯದಾಗಿ ಆಶಾ ಕಾರ್ಯಕರ್ತೆಯರಿಗೆ, ಸಿಸ್ಟರುಗಳಿಗೆ ಕೆಲಸದ ಮಾತು. ಹಿಗ್ಗದ ಒಂದು ಟೇಪು ಸಾಕು. ಹೆರಿಗೆಯ ಹೊತ್ತಿನ ಒತ್ತಡದಿಂದ ತಲೆಯ ಆಕಾರ ಬದಲಾಗಿರುತ್ತದೆ, ಹಾಗಾಗಿ ಹುಟ್ಟಿ ಒಂದು ದಿನ ಕಳೆದ ಮೇಲೆ, ಮೊದಲ ವಾರದೊಳಗೆ ಅಳೆಯಿರಿ. ಮುಂದೆ ಹುಬ್ಬಿನ ಮೇಲೆ, ಹಿಂದೆ ತಲೆ ಅತಿ ಹೆಚ್ಚು ಉಬ್ಬಿರುವಲ್ಲಿ ಟೇಪು ಸುತ್ತಬೇಕು. ಮೂರು ಸಲ ಅಳೆದು ದೊಡ್ಡ ಅಂಕಿಯನ್ನು ಬರೆಯಿರಿ. ತಿಂಗಳು ತುಂಬಿ ಹುಟ್ಟಿದ ಗಂಡುಮಗುವಿಗೆ 31.9 ಸೆಂಟಿಮೀಟರಿಗಿಂತ, ಹೆಣ್ಣುಮಗುವಿಗೆ 31.5ಕ್ಕಿಂತ ಕಡಿಮೆ ಇದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸಿ. ತಾಯಿಯ ಮುಂದೆ ಝೀಕಾ ಎಂಬ ಹೆಸರು ಎತ್ತಬೇಡಿ, ಕಾರಣಗಳು ಹಲವಿರುತ್ತವೆ. ಅಳತೆ ಸರಿಯಿದ್ದರೂ ಅಲ್ಲಿಗೆ ಬಿಡುವಂತಿಲ್ಲ. ಬ್ರೆಜಿಲ್‌ನಲ್ಲಿ ಝೀಕಾ ತಗುಲಿದ್ದ 13 ಮಕ್ಕಳು ಸರಿಯಾದ ತಲೆಯ ಅಳತೆಯೊಂದಿಗೇ ಹುಟ್ಟಿದ್ದರು, ಮುಂದಿನ ತಿಂಗಳುಗಳಲ್ಲಿ 11 ಮಕ್ಕಳ ತಲೆ ಬೆಳೆಯುವುದು ನಿಧಾನವಾಗಿ ಅಳತೆಯಿಂದ ಹಿಂದೆ ಬಿತ್ತು. 6, 10, 14ನೇ ವಾರದಲ್ಲಿ ಕೂಸು ಹೇಗೂ ಲಸಿಕೆಗೆ ಬರುತ್ತದೆ, ತೂಕ ಹೇಗೂ ನೋಡುತ್ತೀರಿ. ಅದರ ಜೊತೆಗೇ ಟೇಪು ಸುತ್ತಿ ತೂಕದ ಪಕ್ಕದಲ್ಲಿ ಆ ಅಂಕಿಯನ್ನೂ ಬರೆಯಿರಿ. ಬಸುರಿನ ಎರಡನೇ, ಮೂರನೇ ತಿಂಗಳಲ್ಲಿ ತಾಯಿ ಯಾವ ಊರಲ್ಲಿದ್ದಳು, ಆಗ ಜ್ವರವೋ ದದ್ದೋ ಬಂದಿತ್ತೇ ಎಂದು ಕೇಳಿ, ತಾಯಿ ಕಾರ್ಡಿನಲ್ಲಿ ಅದಕ್ಕೆ ಜಾಗವಿಲ್ಲದಿದ್ದರೆ ಅಂಚಿನಲ್ಲಿ ಬರೆದಿಡಿ.

ಪ್ರಶ್ನೆಗಳಿಗೆ ಅರ್ಧ ಗಂಟೆ ಇದೆ ಎಂದು ಅಧ್ಯಕ್ಷರು ಹೇಳಿದ್ದಾರೆ. ಕೇಳಿ.